ಇನ್ನೊಂದು ಪಾಟಾ ಹಾಕಿದರೆ ಏನಾಗುತ್ತದೆ?

ಭಾನುವಾರ ಬೆಳಿಗ್ಗೆ ಗೆಳೆಯನ ಮನೆ ಹಿತ್ತಲಿನಲ್ಲಿ ಪಿಕಪ್ ನಿಂತಿತ್ತು. ಚಾಸಿ ಕೆಳಗೆ ಎರಡು ಮರದ ದಿಮ್ಮಿ, ಆಕ್ಸಲ್ ಕೆಳಗೆ ಜಾಕ್, ಹಿಂದಿನ ಗಾಲಿಗಳು ಹುಣಸೆ ಮರಕ್ಕೆ ಒರಗಿದ್ದವು. ನಾವು ನಾಲ್ಕು ಜನ. ಒಬ್ಬನಿಗೆ ಸ್ಪಾನರ್ ಹಿಡಿಯಲು ಬರುತ್ತದೆ, ಉಳಿದ ಮೂವರಿಗೆ ಮಾತಾಡಲು ಬರುತ್ತದೆ. ಪಾಟಾ ಸೆಟ್ಟಿನಲ್ಲಿ ಎರಡನೇ ಪಾಟಾ ಮುರಿದಿತ್ತು. ಅದನ್ನು ಬದಲಿಸುವುದರ ಜತೆಗೆ ಇನ್ನೊಂದು ದಪ್ಪ ಪಾಟಾ ಸೇರಿಸಬೇಕು ಎಂದು ಗೆಳೆಯ ಅದನ್ನೂ ತಂದಿಟ್ಟಿದ್ದ.

"ಇದೊಂದು ಹಾಕಿದ್ರ ಎರಡು ಟನ್ ಗೋವಿನಜೋಳ ಹೇರಿದ್ರೂ ಜಗ್ಗಂಗಿಲ್ಲ ನೋಡೋ," ಅಂದ.

ಗೋಡೆ ಆಚೆಯಿಂದ ಪಕ್ಕದ ಮನೆ ಕಾಕಾ ಬಂದರು. ಬೆಂಜ್ ಲಾರಿ ಕಾಲದ ಡ್ರೈವರ್. "ಪಾಟಾ ಜಗ್ಗಂಗಿಲ್ಲ ಸರಿ. ಆ ಭಾರ ಎಲ್ಲಿ ಹೋಗ್ತೈತಿ ಅದನ್ನ ಹೇಳು," ಅಂತ ಕಲ್ಲಿನ ಮೇಲೆ ಕೂತರು. ಈ ಬರಹ ಹುಟ್ಟಿದ್ದು ಅವರ ಆ ಪ್ರಶ್ನೆಯಿಂದ.

ನಮ್ಮ ಹಾವೇರಿ ಕಡೆ ಪಾಟಾ ಅನ್ನುವುದನ್ನು ದಕ್ಷಿಣದ ಜಿಲ್ಲೆಗಳಲ್ಲಿ ಬ್ಲೇಡ್, ಪ್ಲೇಟ್ ಅನ್ನುತ್ತಾರೆ. ಹೆಸರು ಯಾವುದಾದರೂ ವಸ್ತು ಒಂದೇ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ ಬಿಗಿದ ಕಟ್ಟು ಅದು. ಲಂಡನ್ನಿನಲ್ಲಿ ಕುದುರೆ ಸಾರೋಟು ಕಟ್ಟುತ್ತಿದ್ದ ಒಬಾಡಿಯಾ ಎಲಿಯಟ್ 1804ರಲ್ಲಿ ಇಂಥ ಎರಡು ಬಿಲ್ಲುಗಳನ್ನು ಎದುರುಬದುರು ಜೋಡಿಸಿ ಪೇಟೆಂಟ್ ಮಾಡಿಸಿದ. ಅದಕ್ಕೆ ಮೊದಲು ಶ್ರೀಮಂತರ ಗಾಡಿಯ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಗೆ ತೂಗುಹಾಕುತ್ತಿದ್ದರು. ಬಿಲ್ಲಿನ ಕಟ್ಟು ಬಂದ ಮೇಲೆ ಗಾಡಿ ಹಗುರವಾಯಿತು, ಕೂತವರ ಬೆನ್ನೂ ಉಳಿಯಿತು. ನಮ್ಮ ಊರುಗಳ ಜಟಕಾ ಗಾಡಿಯ ಅಡಿಯಲ್ಲಿದ್ದದ್ದೂ ಇದೇ ವಂಶದ ಪಟ್ಟಿ.

ಎತ್ತಿನ ಗಾಡಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಕಬ್ಬಿಣದ ಹಳಿ ಬಿಗಿದ ಮರದ ಚಕ್ರ ನೇರ ಇರಚಿಗೆ, ಅಲ್ಲಿಂದ ನೊಗಕ್ಕೆ. ಕುಲುಕಿದ್ದೆಲ್ಲ ಎತ್ತಿನ ಹೆಗಲಿಗೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿ ಸುಧಾರಿಸಬೇಕೆಂದು ಬಹಳ ವರ್ಷ ದುಡಿದರು. ಮ್ಯಾನೇಜ್‌ಮೆಂಟ್ ಕಲಿಸುವ ದೊಡ್ಡ ಸಂಸ್ಥೆಯ ಮುಖ್ಯಸ್ಥರು ನೊಗ, ಚಕ್ರದ ಚಿಂತೆ ಹಚ್ಚಿಕೊಂಡಿದ್ದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಮನೆಯಲ್ಲೇ, ಗೆಳೆಯರನ್ನು ಕೂಡಿಸಿಕೊಂಡು ಸ್ಪ್ರಿಂಗ್ ಬದಲಿಸುವ ಚಟ ನಮ್ಮದಷ್ಟೇ ಅಲ್ಲ. ಅದು ದೊಡ್ಡದಾಗಿ ಬೆಳೆದದ್ದು ಅಮೆರಿಕದ ರೈತರ ಹಿತ್ತಲಿನಲ್ಲಿ. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರು ಬಿಟ್ಟ. 1927ರವರೆಗೆ ಒಂದೂವರೆ ಕೋಟಿ ಕಾರು ತಯಾರಾದವು. ಅದಕ್ಕೆ ಇದ್ದದ್ದು ಎರಡೇ ಪಾಟಾ ಕಟ್ಟು, ಮುಂದೊಂದು, ಹಿಂದೊಂದು, ಎರಡೂ ಅಡ್ಡಡ್ಡ. ಅಲ್ಲಿನ ಹಳ್ಳಿ ರಸ್ತೆಗಳು ಆಗ ಮಳೆಗಾಲದ ನಮ್ಮ ಹೊಲದ ದಾರಿಯಂತೆಯೇ ಇದ್ದವು. ಕಾರು ಕುಣಿಯುತ್ತಿತ್ತು. ಇಂಡಿಯಾನಾಪೊಲಿಸ್‌ನ ಹ್ಯಾಸ್ಲರ್ ಕಂಪನಿಯಂಥವರು ಹೆಚ್ಚುವರಿ ಸುರುಳಿ ಸ್ಪ್ರಿಂಗ್ ಮಾಡಿ ಮಾರತೊಡಗಿದರು.

ರೈತರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅದೇ ಕಾರನ್ನು ಒಂದು ಟನ್ನಿನ ಲಾರಿ ಮಾಡುವ ಕಿಟ್‌ಗಳೂ ಬಂದವು. ಕಾರಿನ ಹಿಂಭಾಗಕ್ಕೆ ಉದ್ದನೆಯ ಚೌಕಟ್ಟು, ಬಲವಾದ ಪಾಟಾ, ಗಟ್ಟಿ ಆಕ್ಸಲ್, ಅದನ್ನು ತಿರುಗಿಸಲು ಚೈನು. ಗಮನಿಸಿ: ಪಾಟಾ ಒಂದನ್ನೇ ಅಲ್ಲ, ಆಕ್ಸಲ್ಲನ್ನೂ ಕೊಡುತ್ತಿದ್ದರು. ಈ ಬೇಡಿಕೆ ನೋಡಿದ ಫೋರ್ಡ್ 1917ರಲ್ಲಿ ತಾನೇ ಮಾಡೆಲ್ ಟಿಟಿ ಎಂಬ ಒಂದು ಟನ್ನಿನ ಲಾರಿ ಚಾಸಿ ಮಾರಾಟಕ್ಕಿಟ್ಟ. ಹಿತ್ತಲಿನ ರಿಪೇರಿ ನೋಡಿ ಕಾರ್ಖಾನೆ ಪಾಠ ಕಲಿತಿತ್ತು.

ಭಾರತಕ್ಕೂ ಲಾರಿ ಬಂದದ್ದು ಅರ್ಧಂಬರ್ಧವಾಗಿಯೇ. ಜನರಲ್ ಮೋಟರ್ಸ್ 1928ರಲ್ಲಿ ಮುಂಬೈಯಲ್ಲಿ ಬಿಡಿಭಾಗ ತಂದು ಜೋಡಿಸತೊಡಗಿತು. 1954ರಲ್ಲಿ ಟಾಟಾ, ಡೈಮ್ಲರ್ ಬೆಂಜ್ ಕೂಡಿ ಜೆಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಿದರು. ಆ ಒಪ್ಪಂದ 1969ರಲ್ಲಿ ಮುಗಿದರೂ ಕಾಕಾ ಇನ್ನೂ ಬೆಂಜ್ ಲಾರಿ ಅಂತಲೇ ಅನ್ನುವುದು. ಆಗ ಕಂಪನಿ ಕೊಡುತ್ತಿದ್ದದ್ದು ಚಾಸಿ, ಇಂಜಿನ್, ಮುಂದಿನ ಮೂತಿ ಅಷ್ಟೇ. ಕ್ಯಾಬಿನ್ನೂ ಬಾಡಿಯೂ ಊರಿನ ಬಡಗಿ, ವೆಲ್ಡರ್ ಕೈಯಲ್ಲಿ ಆಗುತ್ತಿದ್ದವು. ಅರ್ಧ ಲಾರಿ ನಾವೇ ಕಟ್ಟಿದ ಮೇಲೆ ಪಾಟಾ ಒಂದು ಹೆಚ್ಚಿಗೆ ಹಾಕಲು ಯಾರನ್ನು ಕೇಳಬೇಕು? "ಬಾಡಿ ಕಟ್ಟೋ ಮುಂದ ಪಾಟಾ ಹಾಕ್ಸೋದು ತಾಂಬೂಲದಾಗ ಅಡಕಿ ಇದ್ದಂಗ," ಅಂದರು ಕಾಕಾ.

2005ರಲ್ಲಿ ಟಾಟಾ ಏಸ್ ಬಂತು. ಜನ ಛೋಟಾ ಹಾಥಿ ಎಂದು ಕರೆದರು. ಎರಡು ಸಿಲಿಂಡರಿನ ಇಂಜಿನ್, ಹೊರುವ ಭಾರ 750 ಕಿಲೋ. ಲಾರಿ ಮಾಲೀಕನಾಗುವ ಕನಸು ಎರಡು ಎಕರೆಯವನಿಗೂ ನಿಲುಕಿತು. ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ, ಬಾಡಿಗೆ ಸುಗ್ಗಿಯಲ್ಲಿ ಮಾತ್ರ ಬರುತ್ತದೆ. ಮೂರು ಟ್ರಿಪ್ಪಿನ ಮಾಲು ಎರಡೇ ಟ್ರಿಪ್ಪಿಗೆ ಮುಗಿದರೆ ಡೀಸೆಲ್ ಉಳಿಯಿತು. ಹೆಚ್ಚುವರಿ ಪಾಟಾ ಸಣ್ಣ ಗಾಡಿಗೂ ಇಳಿದದ್ದು ಹೀಗೆ. ಇದನ್ನು ದುರಾಸೆ ಎಂದು ಬೈದು ಮುಗಿಸಲು ನನಗೆ ಮನಸ್ಸಿಲ್ಲ.

ಈಗ ಕಾಕಾ ಪ್ರಶ್ನೆಗೆ ಬರೋಣ. ಪಟ್ಟಿಯ ಗಡಸು ಅದರ ದಪ್ಪದ ಮೂರರ ಘಾತದಲ್ಲಿ ಏರುತ್ತದೆ. ಅಂದರೆ 8 ಮಿಲಿಮೀಟರ್ ಪಟ್ಟಿಯ ಜಾಗದಲ್ಲಿ 10 ಮಿಲಿಮೀಟರ್ ಪಟ್ಟಿ ಹಾಕಿದರೆ ಹೆಚ್ಚಿದ ದಪ್ಪ ಎರಡೇ ಮಿಲಿಮೀಟರ್, ಆದರೆ ಆ ಪಟ್ಟಿಯ ಗಡಸು ಹೆಚ್ಚುಕಡಿಮೆ ಎರಡು ಪಟ್ಟು. ಗಾಡಿ ಕೂರುವುದಿಲ್ಲ, ನಿಜ. ಆದರೆ ಆಕ್ಸಲ್, ಬೇರಿಂಗ್, ಟೈರು, ಬ್ರೇಕು ಹಳೆಯವೇ. ಗುಂಡಿ ಬಂದಾಗ ಪಾಟಾ ನುಂಗಬೇಕಾದ ಪೆಟ್ಟು ಚಾಸಿಗೆ ಹೋಗುತ್ತದೆ.

ಬ್ರೇಕಿನದು ಇನ್ನೂ ಸೂಕ್ಷ್ಮ. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಕಡ್ಡಿ, ಅದರ ತುದಿಗೆ ಒಂದು ವಾಲ್ವ್ ಇರುತ್ತದೆ. ಭಾರ ಬಿದ್ದು ಚಾಸಿ ಕೆಳಗಿಳಿದಷ್ಟೂ ಅದು ಹಿಂದಿನ ಗಾಲಿಗೆ ಹೆಚ್ಚು ಬ್ರೇಕ್ ಬಿಡುತ್ತದೆ. ಗಾಡಿ ಖಾಲಿ ಇದ್ದಾಗ ಹಿಂದಿನ ಗಾಲಿ ಜಾರಬಾರದೆಂದು ಕಡಿಮೆ ಬಿಡುತ್ತದೆ. ದಪ್ಪ ಪಾಟಾ ಹಾಕಿದ ಗಾಡಿ ಎರಡು ಟನ್ ಹೊತ್ತರೂ ಎತ್ತರದಲ್ಲೇ ನಿಲ್ಲುತ್ತದೆ. ವಾಲ್ವ್ ಪಾಪ, ಗಾಡಿ ಖಾಲಿ ಎಂದು ತಿಳಿಯುತ್ತದೆ. ಅತಿ ಹೆಚ್ಚು ಬ್ರೇಕ್ ಬೇಕಾದ ಹೊತ್ತಿನಲ್ಲೇ ಹಿಂದಿನ ಬ್ರೇಕ್ ಅರೆಬರೆ ಸಿಗುತ್ತದೆ. ಪಲ್ಟಿ ಸುದ್ದಿ ಬರೆಯುವಾಗ ನಾವು 'ನಿಯಂತ್ರಣ ತಪ್ಪಿ' ಎಂದು ಎರಡು ಪದದಲ್ಲಿ ಮುಗಿಸುತ್ತೇವೆ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಪಾಟಾ ಎಷ್ಟಿತ್ತು ಎಂದು ಒಮ್ಮೆಯೂ ಬಗ್ಗಿ ನೋಡಿಲ್ಲ.

ಉಳಿದ ಭಾರ ರಸ್ತೆಗೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ದಪ್ಪದ ರಸ್ತೆ ಹಾಕಿ, ಅದರ ಮೇಲೆ ಭಾರದ ಲಾರಿಗಳನ್ನು ಸುತ್ತಿಸಿ ಪರೀಕ್ಷೆ ಮಾಡಿದರು. ಅದರಿಂದ ಬಂದ ಲೆಕ್ಕವನ್ನೇ ರಸ್ತೆ ಇಂಜಿನಿಯರ್‌ಗಳು ಇವತ್ತಿಗೂ ಹಿಡಿದಿದ್ದಾರೆ: ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆ ಸವೆತ ಸುಮಾರು 16 ಪಟ್ಟು. ಒಂದೂವರೆ ಪಟ್ಟಾದರೆ ಐದು ಪಟ್ಟು. 2000ದ ಡಿಸೆಂಬರ್‌ನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಲ್ಲಿ ಎಷ್ಟೋ ಹಳ್ಳಿಗಳು ಮೊದಲ ಸಲ ಡಾಂಬರು ಕಂಡವು. ಕಳಪೆ ಕಾಮಗಾರಿ ಎಂದು ನಾವು ವರದಿ ಮಾಡುವುದು ಬಹಳ ಸಲ ನಿಜವೂ ಹೌದು. ಆದರೆ ಸುಗ್ಗಿ ಮುಗಿಯುವ ಹೊತ್ತಿಗೆ ಕಿತ್ತು ಹೋಗುವ ರಸ್ತೆಯಲ್ಲಿ ನಮ್ಮ ಪಾಟಾದ ಪಾಲೂ ಇದೆ.

ಕಾನೂನು ನಿಧಾನವಾಗಿ ಬಿಗಿಯಾಯಿತು. ಮೊದಲು ಕೆಲವು ರಾಜ್ಯಗಳು ದುಡ್ಡು ಕಟ್ಟಿಸಿಕೊಂಡು ಹೆಚ್ಚಿನ ಭಾರಕ್ಕೆ ದಾರಿ ಬಿಡುತ್ತಿದ್ದವು. ದಂಡ ಕಟ್ಟಿದರೂ ಹೆಚ್ಚುವರಿ ಮಾಲು ಇಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2005ರಲ್ಲಿ, ಏಸ್ ಬಂದ ವರ್ಷವೇ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. 2019ರ ತಿದ್ದುಪಡಿ ಕಾಯ್ದೆಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಬಂತು. ನಿಮ್ಮ ಗಾಡಿಗೆ ಎಷ್ಟು ಎಂಬುದು ಆರ್‌ಸಿಯಲ್ಲಿ ಇದೆ. ಎಷ್ಟು ಪಾಟಾ ಸೇರಿಸಿದರೂ ಆ ಅಂಕಿ ಬದಲಾಗುವುದಿಲ್ಲ.

ಇಷ್ಟೆಲ್ಲ ಮಾತಾಗುವಷ್ಟರಲ್ಲಿ ಚಹಾ ಎರಡು ಸಲ ಬಂತು. ಮುರಿದ ಪಾಟಾವನ್ನು ವೆಲ್ಡಿಂಗ್ ಮಾಡಿಸೋಣ ಎಂದು ಒಬ್ಬ ಅಂದದ್ದಕ್ಕೆ ಕಾಕಾ ಸಿಟ್ಟಾದರು. ಬೆಂಕಿ ತಗುಲಿದರೆ ಆ ಉಕ್ಕಿನ ಹದ ಹೋಗುತ್ತದೆ, ಅದೇ ಜಾಗದ ಪಕ್ಕ ಮತ್ತೆ ಮುರಿಯುತ್ತದೆ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಕಟ್ಟಿಗೆ ಕ್ಲಾಂಪ್ ಹಾಕಿಸಿದರು, ಇಲ್ಲದಿದ್ದರೆ ಪಟ್ಟಿ ಸಿಡಿದು ಮುಖಕ್ಕೇ ಬರುತ್ತದೆ. ಹಳೇ ಯು ಬೋಲ್ಟ್ ಹಿಗ್ಗಿರುತ್ತವೆ ಎಂದು ಹೊಸದನ್ನೇ ತರಿಸಿದರು.

ಗೆಳೆಯ ಕೊನೆಗೆ ಮುರಿದದ್ದರ ಜಾಗಕ್ಕೆ ಅದೇ ದಪ್ಪದ ಪಾಟಾ ಹಾಕಿದ. ಹೆಚ್ಚಿಗೆ ತಂದದ್ದನ್ನು ಅಂಗಡಿಯವ ನೂರು ರೂಪಾಯಿ ಮುರಿದುಕೊಂಡು ವಾಪಸ್ ತೆಗೆದುಕೊಂಡ. ಬುಧವಾರ ಬ್ಯಾಡಗಿಗೆ ಮೆಣಸಿನಕಾಯಿ ಹಾಕಿ ಬಂದ ಮೇಲೆ ಯು ಬೋಲ್ಟ್ ಮತ್ತೆ ಬಿಗಿದೆವು, ಅರ್ಧ ಸುತ್ತು ತಿರುಗಿದವು. ಮುರಿದ ಪಾಟಾವನ್ನು ಕಮ್ಮಾರಸಾಲೆಗೆ ಕೊಟ್ಟಿದ್ದೇವೆ. ಎರಡು ಕುಡುಗೋಲು ಆಗುತ್ತದಂತೆ, ಒಂದು ಕಾಕಾಗೆ.