ವಿದ್ಯುತ್ ಕಾರುಗಳ ನಿಸ್ತಂತು ನವೀಕರಣ: ಸೌಲಭ್ಯ ಮತ್ತು ಸಂಕಷ್ಟ

ವಿದ್ಯುತ್ ಕಾರನ್ನು ಸರ್ವೀಸ್ ಕೇಂದ್ರಕ್ಕೆ ಒಯ್ಯದೆ, ಅದರೊಳಗಿನ ತಂತ್ರಾಂಶವನ್ನು ಮೊಬೈಲ್ ಜಾಲ ಇಲ್ಲವೇ ವೈಫೈ ಮೂಲಕ ಬದಲಿಸುವ ವಿಧಾನವೇ ನಿಸ್ತಂತು ನವೀಕರಣ. ಉದ್ಯಮದಲ್ಲಿ ಇದಕ್ಕೆ ‘ಓಟಿಎ’ ಎಂಬ ಹೆಸರಿದೆ. ಪರದೆಯ ಮೇಲಿನ ನಕ್ಷೆಯಿಂದ ಹಿಡಿದು ಬ್ಯಾಟರಿ ನಿರ್ವಹಣೆಯವರೆಗೆ ಇಂದು ಕಾರಿನ ಬಹುಪಾಲು ಕಾರ್ಯಗಳು ತಂತ್ರಾಂಶದ ಅಧೀನ. ಹೀಗಾಗಿ ನವೀಕರಣ ಸರಿಯಾದರೆ ಮಾಲೀಕರಿಗೆ ಒಂದು ದಿನದ ಓಡಾಟ ಉಳಿಯುತ್ತದೆ. ಕೆಟ್ಟರೆ ಕಾರು ನಿಂತಲ್ಲೇ ನಿಲ್ಲುವ ಅಪಾಯವಿದೆ.

ಬೆಂಗಳೂರಿನ ಹಿನ್ನೆಲೆ

ಕಾರನ್ನು ದೂರದಿಂದಲೇ ನಿಭಾಯಿಸುವ ಕಲ್ಪನೆ ಈ ನಗರಕ್ಕೆ ಹೊಸದಲ್ಲ. ಚೇತನ್ ಮೈನಿ ಅವರ ಸಂಸ್ಥೆ 2001ರಲ್ಲಿ ಮಾರುಕಟ್ಟೆಗೆ ತಂದ ರೇವಾ ಕಾರು ತಯಾರಾದದ್ದು ಬಿಟಿಎಂ ಬಡಾವಣೆಯಿಂದ ಹೊಸೂರು ರಸ್ತೆ ಹಿಡಿದರೆ ಸಿಗುವ ಬೊಮ್ಮಸಂದ್ರದಲ್ಲಿ. ಇದೇ ಸಂಸ್ಥೆ 2009ರ ಫ್ರಾಂಕ್‌ಫರ್ಟ್ ವಾಹನ ಮೇಳದಲ್ಲಿ ‘ರಿವೈವ್’ ವ್ಯವಸ್ಥೆಯನ್ನು ಪ್ರಕಟಿಸಿತು. ಚಾರ್ಜ್ ಮುಗಿದು ನಡುದಾರಿಯಲ್ಲಿ ನಿಂತ ಚಾಲಕ ಸಹಾಯ ಕೇಂದ್ರವನ್ನು ಸಂಪರ್ಕಿಸಿದರೆ, ಬ್ಯಾಟರಿಯಲ್ಲಿ ಕಾದಿರಿಸಿದ ಅಲ್ಪ ವಿದ್ಯುತ್ತನ್ನು ಅಲ್ಲಿಂದಲೇ ಬಿಡುಗಡೆ ಮಾಡುವ ಏರ್ಪಾಡದು. 2010ರಲ್ಲಿ ಸಂಸ್ಥೆ ಮಹೀಂದ್ರದ ಪಾಲಾಯಿತು. 2013ರಲ್ಲಿ ಬಂದ ಇ2ಓ ಕಾರಿನಲ್ಲೂ ಈ ಸೌಲಭ್ಯವಿತ್ತು.

ಆದರೆ ರಿವೈವ್ ಕಾರಿಗೆ ಆಜ್ಞೆಯನ್ನಷ್ಟೇ ಕಳುಹಿಸುತ್ತಿತ್ತು. ತಂತ್ರಾಂಶವನ್ನೇ ಬದಲಿಸುವುದು ಇನ್ನೊಂದು ಹೆಜ್ಜೆ. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ ಇದನ್ನು ಜಗತ್ತಿಗೆ ಪರಿಚಯಿಸಿತು. ಬೆಂಗಳೂರಿನಲ್ಲಿ 2018ರಲ್ಲಿ ಬಂದ ಏಥರ್ ವಿದ್ಯುತ್ ಸ್ಕೂಟರ್ ಈ ಪದ್ಧತಿಯನ್ನು ದ್ವಿಚಕ್ರ ವಾಹನಕ್ಕೂ ತಂದಿತು.

ತೊಡಕು ಎಲ್ಲಿ?

ನವೀಕರಣಕ್ಕೆ ಮೂರು ಹಂತಗಳಿವೆ: ಹೊಸ ಆವೃತ್ತಿಯನ್ನು ಪಡೆಯುವುದು, ಅದು ಕಂಪನಿಯದ್ದೇ ಎಂದು ಡಿಜಿಟಲ್ ಸಹಿಯ ಮೂಲಕ ಖಚಿತಪಡಿಸಿಕೊಳ್ಳುವುದು, ಬಳಿಕ ಸ್ಥಾಪಿಸುವುದು. ಪ್ರತಿ ಹಂತಕ್ಕೂ ಅದರದೇ ಸಮಸ್ಯೆಯಿದೆ.

ಮೊದಲನೆಯದು ಸಿಗ್ನಲ್. ಜೆಪಿ ನಗರ, ಬನಶಂಕರಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಕಾರುಗಳು ನಿಲ್ಲುವುದು ಹೆಚ್ಚಾಗಿ ನೆಲಮಾಳಿಗೆಯಲ್ಲಿ. ಕಾಂಕ್ರೀಟ್ ಛಾವಣಿಯ ಕೆಳಗೆ ಮೊಬೈಲ್ ಸಿಗ್ನಲ್ ಕ್ಷೀಣ. ಮೇಲಂತಸ್ತಿನ ಮನೆಯ ವೈಫೈ ಅಲ್ಲಿಗೆ ಎಟುಕದು. ಇದರಿಂದ ನವೀಕರಣ ಅರ್ಧಕ್ಕೆ ನಿಲ್ಲುತ್ತದೆ. ಇದು ಕಿರಿಕಿರಿಯೇ ಹೊರತು ಅಪಾಯವಲ್ಲ, ಏಕೆಂದರೆ ಹಳೆಯ ತಂತ್ರಾಂಶ ಆವರೆಗೆ ಹಾಗೆಯೇ ಉಳಿದಿರುತ್ತದೆ.

ಎರಡನೆಯದು 12 ವೋಲ್ಟ್ ಬ್ಯಾಟರಿ. ಚಕ್ರ ತಿರುಗಿಸುವ ದೊಡ್ಡ ಬ್ಯಾಟರಿ ಬೇರೆ, ಕಾರಿನ ಗಣಕಗಳಿಗೆ ವಿದ್ಯುತ್ ನೀಡುವ ಈ ಚಿಕ್ಕ ಬ್ಯಾಟರಿ ಬೇರೆ. ಸ್ಥಾಪನೆಯ ಮಧ್ಯೆ ಇದು ಸೋತರೆ ನಿಯಂತ್ರಣ ಘಟಕದಲ್ಲಿ ಅರೆಬರೆ ತಂತ್ರಾಂಶ ಉಳಿಯಬಹುದು. ಕೆಲವು ಘಟಕಗಳಲ್ಲಿ ಹಳೆಯ ಆವೃತ್ತಿಯನ್ನೂ ಹೊಸದನ್ನೂ ಪ್ರತ್ಯೇಕವಾಗಿ ಇಡಲು ಜಾಗವಿರುತ್ತದೆ. ಹೊಸದು ವಿಫಲವಾದರೆ ಹಳೆಯದಕ್ಕೆ ಮರಳಬಹುದು. ಅಂತಹ ಜಾಗವಿಲ್ಲದ ಘಟಕ ಕೆಟ್ಟರೆ ಕಾರನ್ನು ಎಳೆದುಕೊಂಡೇ ಹೋಗಬೇಕಾಗುತ್ತದೆ.

ಮೂರನೆಯದು ಕಂಪನಿಯದೇ ತಪ್ಪು. 2023ರ ನವೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಸಂಸ್ಥೆ ತಪ್ಪು ಭದ್ರತಾ ಪ್ರಮಾಣಪತ್ರವಿದ್ದ ಆವೃತ್ತಿಯನ್ನು ರವಾನಿಸಿ, ಹಲವು ವಾಹನಗಳ ಪರದೆಗಳು ಸ್ಥಗಿತಗೊಂಡವು. 2025ರ ಅಕ್ಟೋಬರ್‌ನಲ್ಲಿ ಪೆಟ್ರೋಲ್ ಮತ್ತು ವಿದ್ಯುತ್ ಎರಡರಲ್ಲೂ ಓಡುವ ಜೀಪ್ ರಾಂಗ್ಲರ್ 4ಎಕ್ಸ್‌ಇ ವಾಹನಗಳಿಗೆ ಇಂತಹದೇ ಗತಿ ಬಂತು. ನವೀಕರಣದ ಬಳಿಕ ಕೆಲವು ವಾಹನಗಳು ಚಲಿಸುತ್ತಿರುವಾಗಲೇ ಶಕ್ತಿ ಕಳೆದುಕೊಂಡವು. ಕಂಪನಿ ಅದನ್ನು ಹಿಂಪಡೆದು ಸರಿಪಡಿಸಿದ ಆವೃತ್ತಿಯನ್ನು ಕಳುಹಿಸಬೇಕಾಯಿತು. ಸಿಗ್ನಲ್ ಮತ್ತು ಬ್ಯಾಟರಿಯ ವಿಷಯದಲ್ಲಿ ಮಾಲೀಕರು ಎಚ್ಚರ ವಹಿಸಬಹುದು. ಈ ಮೂರನೆಯದು ಮಾತ್ರ ಅವರ ಕೈಯಲ್ಲಿಲ್ಲ. ಕಾನೂನಿನ ಅಗತ್ಯ ಬೀಳುವುದು ಇಲ್ಲಿಯೇ.

ಕಾನೂನು ಏನೆನ್ನುತ್ತದೆ?

ವಿಶ್ವಸಂಸ್ಥೆಯ ವೇದಿಕೆಯಲ್ಲಿ 2020ರ ಜೂನ್‌ನಲ್ಲಿ ಅಂಗೀಕೃತವಾದ ಆರ್156 ನಿಯಮದ ಪ್ರಕಾರ, ನವೀಕರಣದ ಬಗ್ಗೆ ಬಳಕೆದಾರರಿಗೆ ಮೊದಲೇ ತಿಳಿಸಬೇಕು. ಅದನ್ನು ಪೂರ್ಣಗೊಳಿಸುವಷ್ಟು ವಿದ್ಯುತ್ ವಾಹನದಲ್ಲಿರಬೇಕು. ವಿಫಲವಾದರೆ ಹಳೆಯ ಆವೃತ್ತಿಗೆ ಮರಳಬೇಕು ಇಲ್ಲವೇ ವಾಹನ ಸುರಕ್ಷಿತ ಸ್ಥಿತಿಗೆ ಬರಬೇಕು. ಇದೇ ಜಾಡಿನಲ್ಲಿ ಭಾರತದಲ್ಲಿ ಎಐಎಸ್-190 ಮಾನದಂಡವನ್ನು ರೂಪಿಸಲಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮು, ದೋಷಪೂರಿತ ವಾಹನಗಳನ್ನು ಹಿಂಪಡೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮಾಲೀಕರು ಗಮನಿಸಬೇಕಾದದ್ದು

ನವೀಕರಣಕ್ಕೆ ಒಪ್ಪಿಗೆ ನೀಡುವ ಮುನ್ನ ಕಾರನ್ನು ನೆಲಮಾಳಿಗೆಯಿಂದ ಸಿಗ್ನಲ್ ಇರುವೆಡೆಗೆ ತರುವುದು ಲೇಸು. ಚಾರ್ಜ್ ಎಷ್ಟಿರಬೇಕು, ಚಾರ್ಜರ್ ಜೋಡಿಸಿರಬೇಕೇ ಬೇಡವೇ ಎಂಬುದು ಕಾರಿನಿಂದ ಕಾರಿಗೆ ಬದಲಾಗುವುದರಿಂದ ಕೈಪಿಡಿಯನ್ನು ನೋಡಿಕೊಳ್ಳಬೇಕು. ಸ್ಥಾಪನೆಯ ವೇಳೆ ಕಾರನ್ನು ಬಳಸಲಾಗದು. ಮರುದಿನ ಮುಂಜಾನೆ ಊರಿಗೆ ಹೊರಡುವವರು ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈಹಾಕದಿರುವುದು ಕ್ಷೇಮ. ಮೊದಲಿನ ಮತ್ತು ನಂತರದ ಆವೃತ್ತಿ ಸಂಖ್ಯೆಗಳನ್ನು, ಒಂದು ಬಾರಿಯ ಚಾರ್ಜ್‌ಗೆ ಕಾರು ತೋರಿಸುವ ದೂರವನ್ನು ದಿನಾಂಕಸಹಿತ ಚಿತ್ರ ತೆಗೆದಿಟ್ಟುಕೊಂಡರೆ, ಮುಂದೆ ವಿವಾದ ಉಂಟಾದಾಗ ಅದೇ ಪುರಾವೆಯಾಗುತ್ತದೆ. ಸರ್ವೀಸ್ ಕೇಂದ್ರದಲ್ಲಿ ನಡೆದ ದುರಸ್ತಿಗೆ ಜಾಬ್ ಕಾರ್ಡ್ ಇರುತ್ತದೆ. ರಾತ್ರೋರಾತ್ರಿ ಗಾಳಿಯಲ್ಲಿ ಬಂದ ದುರಸ್ತಿಗೆ ಅಂತಹ ದಾಖಲೆಯನ್ನು ಮಾಲೀಕರೇ ಇಟ್ಟುಕೊಳ್ಳಬೇಕು.