ಕಾಗೆ ಕೂತಾಗ ಮುರಿದ ಕೊಂಬೆ

2024ರ ಜುಲೈ 19, ಶುಕ್ರವಾರ. ಹೈದರಾಬಾದಿನಿಂದ ಕೋಲ್ಕತ್ತಾಕ್ಕೆ ಹೊರಟಿದ್ದ ಇಂಡಿಗೋ ಪ್ರಯಾಣಿಕರೊಬ್ಬರ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟಿದ್ದರು. ಆ ಚೀಟಿಯ ಫೋಟೊ ಲೋಕವೆಲ್ಲ ಸುತ್ತಿತು. ಕೋಲ್ಕತ್ತಾದ ವಿಮಾನ ನಿಲ್ದಾಣದ ಕೌಂಟರುಗಳಲ್ಲೂ ಅಂದು ಪೆನ್ನು ಕಾಗದದ್ದೇ ಕೆಲಸ. ಮೇಜಿನ ಮೇಲಿದ್ದ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತಿದ್ದವು, ಮತ್ತೆ ನೀಲಿ ಪರದೆ, ಮತ್ತೆ ರೀಸ್ಟಾರ್ಟ್.

ಕಾರಣ ಒಂದು ಅಪ್‌ಡೇಟ್. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿ ಅಂದು ಬೆಳಿಗ್ಗೆ ಭಾರತೀಯ ಕಾಲಮಾನ 9:39ಕ್ಕೆ ತನ್ನ ಗ್ರಾಹಕರ ವಿಂಡೋಸ್ ಯಂತ್ರಗಳಿಗೆ ಒಂದು ಸಣ್ಣ ಫೈಲು ಕಳಿಸಿತು. ತಪ್ಪು ಗೊತ್ತಾಗಿ 10:57ಕ್ಕೆ ಹಿಂತೆಗೆದುಕೊಂಡಿತು. ನಡುವಿನ 78 ನಿಮಿಷಗಳಲ್ಲಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ಯಂತ್ರಗಳು ಕೆಟ್ಟಿದ್ದವು. ಆಮೇಲೆ ಕಂಪನಿ ಕೊಟ್ಟ ವಿವರಣೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಹೊಸ ನಿಯಮಗಳ ನಮೂನೆಯಲ್ಲಿ 21 ಖಾನೆಗಳಿದ್ದವು, ಅದನ್ನು ಬಳಸುವ ಪ್ರೋಗ್ರಾಮಿಗೆ ಸಿಗುತ್ತಿದ್ದದ್ದು 20 ಮಾತ್ರ. ಹಿಂದಿನ ಫೈಲುಗಳಲ್ಲಿ 21ನೆಯ ಖಾನೆಗೆ 'ಏನಿದ್ದರೂ ಸರಿ' ಎಂಬ ಗುರುತು ಇದ್ದುದರಿಂದ ಅದನ್ನು ಯಾರೂ ತೆರೆದು ನೋಡಬೇಕಾಗಿ ಬಂದಿರಲಿಲ್ಲ. ಜುಲೈ 19ರ ಫೈಲು ಮೊದಲ ಬಾರಿಗೆ ಅಲ್ಲಿ ನಿಜಕ್ಕೂ ಒಂದು ಹೋಲಿಕೆ ಕೇಳಿತು. ಇಲ್ಲದ ಖಾನೆಯನ್ನು ಓದಲು ಹೋದ ಪ್ರೋಗ್ರಾಮು ಯಂತ್ರದ ತಿರುಳಿನಲ್ಲೇ ಕೂತಿದ್ದರಿಂದ ತನ್ನೊಂದಿಗೆ ಇಡೀ ವಿಂಡೋಸನ್ನೇ ಕೆಡವಿತು.

ಇಲ್ಲಿ ಅಪರಾಧಿ ಅಪ್‌ಡೇಟೇ, ಅನುಮಾನವಿಲ್ಲ. ಆದರೆ ಅಪ್‌ಡೇಟಿನ ಬೆನ್ನಿಗೇ ಕಂಪ್ಯೂಟರು ತೂಕಡಿಸತೊಡಗಿದರೆ ಪ್ರತಿ ಸಲವೂ ಹಾಗೇ ಎನ್ನುವಂತಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಅದನ್ನು ಈ ವಿಷಯದಲ್ಲಿ ಸದಾ ನೆನಪಿಡಬೇಕು. ಕೊಂಬೆ ಮೊದಲೇ ಒಳಗೆ ಲಡ್ಡಾಗಿರಬಹುದು.

2010ರ ಫೆಬ್ರುವರಿಯಲ್ಲಿ ಆದದ್ದು ಅದೇ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತಾ ಅಪ್‌ಡೇಟುಗಳನ್ನು ಒಟ್ಟಿಗೆ ಬಿಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಇಟ್ಟುಕೊಂಡಿತ್ತು. ಫೆಬ್ರುವರಿ 9ರ ಮಂಗಳವಾರದ ಕಂತಿನಲ್ಲಿ ಎಂಎಸ್10-015 ಎಂಬುದೊಂದಿತ್ತು. ಅದನ್ನು ಹಾಕಿಕೊಂಡ ಎಷ್ಟೋ ವಿಂಡೋಸ್ ಎಕ್ಸ್‌ಪಿ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಜನ ಮೈಕ್ರೋಸಾಫ್ಟನ್ನು ಬೈದರು, ಕಂಪನಿ ವಿತರಣೆ ನಿಲ್ಲಿಸಿ ತನಿಖೆಗೆ ಕೂತಿತು. ಸಿಕ್ಕ ಕಳ್ಳ ಬೇರೆಯೇ. ಆ ಯಂತ್ರಗಳಲ್ಲಿ ಅಲೂರಿಯಾನ್ ಎಂಬ ದುಷ್ಟ ಪ್ರೋಗ್ರಾಮು ಮೊದಲೇ ಮನೆ ಮಾಡಿಕೊಂಡಿತ್ತು. ವಿಂಡೋಸಿನ ತಿರುಳಿನಲ್ಲಿ ಯಾವ ಕೆಲಸ ಯಾವ ವಿಳಾಸದಲ್ಲಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡು, ಸದ್ದಿಲ್ಲದೆ ಅಲ್ಲಿಗೇ ಹೋಗಿ ಬರುತ್ತಿತ್ತು. ಅಪ್‌ಡೇಟು ತಿರುಳನ್ನು ಬದಲಿಸಿದಾಗ ವಿಳಾಸಗಳೂ ಬದಲಾದವು. ಕಳ್ಳ ಹಳೆಯ ವಿಳಾಸಕ್ಕೇ ಹೋಗಿ ಗೋಡೆಗೆ ಹಾಯ್ದ. ಇನ್ನೂ ತಮಾಷೆಯೆಂದರೆ, ಕೆಲವೇ ದಿನಗಳಲ್ಲಿ ಅಲೂರಿಯಾನ್ ಬರೆದವರೂ ತಮ್ಮ ಪ್ರೋಗ್ರಾಮಿಗೆ ಒಂದು ಅಪ್‌ಡೇಟ್ ಬಿಟ್ಟರು. ಯಂತ್ರ ಕೂತುಬಿಟ್ಟರೆ ಕಳ್ಳನಿಗೂ ನಷ್ಟವೇ!

2018ರ ಜನವರಿಯದು ಈ ಎರಡರ ನಡುವಿನ ಪ್ರಕರಣ. ಪ್ರೊಸೆಸರುಗಳಲ್ಲೇ ಪತ್ತೆಯಾಗಿದ್ದ ದೋಷಕ್ಕೆಂದು ಬಂದ ಅಪ್‌ಡೇಟಿನಿಂದ ಎಎಂಡಿ ಚಿಪ್ಪಿನ ಕೆಲವು ಹಳೆಯ ಕಂಪ್ಯೂಟರುಗಳು ಶುರುವಾಗುವುದನ್ನೇ ಬಿಟ್ಟವು. ಚಿಪ್ಪಿನ ಬಗ್ಗೆ ತನಗೆ ಕೊಟ್ಟಿದ್ದ ದಾಖಲೆಗೂ ಚಿಪ್ಪಿಗೂ ತಾಳೆಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತು.

ಹಾಗಾದರೆ ಕಾಗೆಯೋ ಕೊಂಬೆಯೋ ಎಂದು ತೀರ್ಮಾನಿಸುವುದು ಹೇಗೆ? ಈ ಪ್ರಶ್ನೆ ಅಪ್‌ಡೇಟಿಗಿಂತ ಹಳೆಯದು. ಭಾರತದಲ್ಲಿ ಅದು ಮೊದಲು ಎದುರಾದದ್ದು ಕೋಲ್ಕತ್ತಾದ ಉತ್ತರಕ್ಕೆ, ಬಾರಾನಗರದ ಬಿ.ಟಿ. ರಸ್ತೆಯಲ್ಲಿ. ಪ್ರಶಾಂತಚಂದ್ರ ಮಹಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ 1955-56ರಲ್ಲಿ ಇಂಗ್ಲೆಂಡಿನ ಬ್ರಿಟಿಷ್ ಟ್ಯಾಬ್ಯುಲೇಟಿಂಗ್ ಮೆಷಿನ್ ಕಂಪನಿಯ ಎಚ್‌ಇಸಿ-2ಎಂ ಬಂತು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರು. ಬೆಲೆ ಸುಮಾರು 2 ಲಕ್ಷ ರೂಪಾಯಿ, ಉದ್ದ ಹತ್ತು ಅಡಿ, ಎತ್ತರ ಆರು ಅಡಿ. ಜೋಡಿಸಿ ನಿಲ್ಲಿಸಿದವರು ಸಂಸ್ಥೆಯ ಎಂಜಿನಿಯರುಗಳಾದ ಮೋಹಿ ಮುಖರ್ಜಿ ಮತ್ತು ಅಮರೇಶ್ ರಾಯ್.

ಇದರಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಇರಲಿಲ್ಲ. ಲೆಕ್ಕ ಮಾಡಬೇಕಾದವರು ಯಂತ್ರದ ಸಂಕೇತದಲ್ಲೇ ಆಜ್ಞೆ ಬರೆದು ತೂತಿನ ಕಾರ್ಡುಗಳಲ್ಲಿ ಉಣಿಸುತ್ತಿದ್ದರು. ನೆನಪೆಂದರೆ ಸುತ್ತುತ್ತಲೇ ಇರುವ ಕಾಂತೀಯ ಲೇಪದ ಒಂದು ಉರುಳೆ, ಅದರಲ್ಲಿ 1024 ಪದಗಳಿಗೆ ಜಾಗ. ಬಲ್ಬಿನಂತೆ ಕಾಯುವ ವಾಲ್ವುಗಳು, ಹೊರಗೆ ಕೋಲ್ಕತ್ತಾದ ಮೇ ತಿಂಗಳು. ಇಂಥ ಯಂತ್ರ ತಪ್ಪು ಉತ್ತರ ಕೊಟ್ಟರೆ ತಪ್ಪು ಕಾರ್ಡಿನದೋ, ಸೋತ ವಾಲ್ವಿನದೋ, ಬೆಸುಗೆ ಬಿಟ್ಟ ತಂತಿಯದೋ? ಆ ಪೀಳಿಗೆಯ ಎಂಜಿನಿಯರುಗಳು ಕಂಡುಕೊಂಡಿದ್ದ ಉಪಾಯ ಸರಳ. ಉತ್ತರ ಮೊದಲೇ ಗೊತ್ತಿರುವ ಲೆಕ್ಕದ ಕಾರ್ಡುಗಳನ್ನು ಬೇರೆಯಾಗಿ ಇಟ್ಟುಕೊಳ್ಳುವುದು, ಅನುಮಾನ ಬಂದಾಗ ಅವನ್ನು ಓಡಿಸುವುದು. ಅದೂ ತಪ್ಪಿದರೆ ದೋಷ ಯಂತ್ರದ್ದು, ಸರಿಯಾಗಿ ಬಂದರೆ ಹೊಸ ಕಾರ್ಡುಗಳದ್ದು. ಅಮೆರಿಕದ ಎಂಐಟಿಯ ವರ್ಲ್‌ವಿಂಡ್ ಯಂತ್ರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ವೋಲ್ಟೇಜನ್ನು ಬೇಕೆಂದೇ ಏರಿಳಿಸಿ ಪರೀಕ್ಷೆ ಓಡಿಸುತ್ತಿದ್ದರು; ನಾಳೆ ಕೈಕೊಡಲಿದ್ದ ವಾಲ್ವು ಇಂದೇ ಸಿಕ್ಕಿಬೀಳುತ್ತಿತ್ತು.

ಮನೆಯ ಡೆಸ್ಕ್‌ಟಾಪಿನಲ್ಲಿ ಈ ಎರಡೂ ಉಪಾಯಗಳು ಬೇರೆ ಹೆಸರಿನಲ್ಲಿ ಉಳಿದುಕೊಂಡಿವೆ. ಬೇಡದ್ದನ್ನೆಲ್ಲ ಬಿಟ್ಟು ಅಗತ್ಯವಿದ್ದಷ್ಟೇ ಡ್ರೈವರುಗಳೊಂದಿಗೆ ಶುರುವಾಗುವ ಸೇಫ್ ಮೋಡ್, 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದ ಸಿಸ್ಟಮ್ ರಿಸ್ಟೋರ್: ಎರಡೂ 'ಸರಿಯಿದ್ದ ಸ್ಥಿತಿ'ಗೆ ಮರಳಿ ನೋಡುವ ದಾರಿಗಳೇ. ಹಳೆಯ ಸ್ಥಿತಿಗೆ ಹೋದರೂ ಯಂತ್ರ ಸತಾಯಿಸಿದರೆ ಅಪ್‌ಡೇಟಿನ ಮೇಲಿನ ಆರೋಪ ಮುಕ್ಕಾಲು ಬಿದ್ದುಹೋಯಿತು. ಆಗ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ ರ‍್ಯಾಮ್ ನೋಡಬೇಕು, ಹಾರ್ಡ್ ಡಿಸ್ಕಿನ ಆರೋಗ್ಯ ನೋಡಬೇಕು, ಪವರ್ ಸಪ್ಲೈ ಬದಲಿಸಿ ನೋಡಬೇಕು. ಅಪ್‌ಡೇಟಿನ ದಿನವೇ ಇವು ಯಾಕೆ ಕೆಡುತ್ತವೆ ಎಂದರೆ, ಎಷ್ಟೋ ಮನೆ, ಕಚೇರಿಗಳಲ್ಲಿ ಕಂಪ್ಯೂಟರು ತಿಂಗಳಿಗೊಮ್ಮೆ ನಿಜವಾಗಿ ರೀಸ್ಟಾರ್ಟ್ ಆಗುವುದೇ ಅಂದು. ಡಿಸ್ಕಿನ ಮೂಲೆಮೂಲೆಯನ್ನು ತಡಕುವುದೂ ಅಂದೇ. ವರ್ಲ್‌ವಿಂಡ್‌ನವರು ಬೇಕೆಂದು ಮಾಡುತ್ತಿದ್ದ ಪರೀಕ್ಷೆಯನ್ನು ಅಪ್‌ಡೇಟು ಬೇಡದೆಯೇ ಮಾಡಿಬಿಡುತ್ತದೆ.

ಕೋಲ್ಕತ್ತಾದಲ್ಲಿ ಇಂಥ ಯಂತ್ರ ಹೊತ್ತವರು ಹೋಗುವುದು ಚಾಂದನಿ ಚೌಕಕ್ಕೆ. ಧರ್ಮತಲಾದ ಹತ್ತಿರದ ಈ ಪೇಟೆಯಲ್ಲಿ ಕಂಪ್ಯೂಟರಿನ ಬಿಡಿಭಾಗ ಮಾರುವ, ರಿಪೇರಿ ಮಾಡುವ ಅಂಗಡಿಗಳು ಒತ್ತಾಗಿವೆ. ಎಲ್ಲ ಊರಿನ ಮೆಕ್ಯಾನಿಕ್ಕಿನ ಹಾಗೆ ಇಲ್ಲಿಯವರ ಕೈಯಲ್ಲೂ ಒಂದು ರಬ್ಬರು ಇರುತ್ತದೆ: ಶಾಲೆಯ ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ರಬ್ಬರು. ರ‍್ಯಾಮ್ ಕಡ್ಡಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ಉಜ್ಜಿ, ಮತ್ತೆ ಒತ್ತಿ ಕೂರಿಸುತ್ತಾರೆ. ನೋಡುವವರಿಗೆ ಮಂತ್ರ ಹಾಕಿದಂತೆ ಕಾಣುತ್ತದೆ. ಆದರೆ ತೇವದ ಗಾಳಿಯ ಊರಿನಲ್ಲಿ ಆ ಅಂಚಿಗೆ ಕೊಳೆ ಕಟ್ಟಿ ಸಂಪರ್ಕ ಸಡಿಲವಾಗುವುದು ನಿಜ, ಉಜ್ಜಿದರೆ ಸರಿಹೋಗುವುದೂ ನಿಜ.

ಈ ರಬ್ಬರಿಗೂ ಸೇಫ್ ಮೋಡಿಗೂ ಎಟುಕದ ಬೀಗವೊಂದು ಈಗ ಬಂದಿದೆ. 2024ರ ಜುಲೈಯಲ್ಲಿ ಕೆಟ್ಟ ಯಂತ್ರಗಳಿಗೆ ಮದ್ದು ಅದೇ ದಿನ ಸಿಕ್ಕಿತ್ತು: ಸೇಫ್ ಮೋಡಿನಲ್ಲಿ ತೆರೆದು ಒಂದು ಫೈಲು ಅಳಿಸಬೇಕು. ಆದರೆ ಶುರುವೇ ಆಗದ ಯಂತ್ರಕ್ಕೆ ದೂರದಿಂದ ಮದ್ದು ಕಳಿಸುವುದು ಹೇಗೆ? ತಂತ್ರಜ್ಞರು ಮೇಜಿನಿಂದ ಮೇಜಿಗೆ ಹೋಗಬೇಕಾಯಿತು. ಬಿಟ್‌ಲಾಕರ್‌ನಿಂದ ಗೂಢಲಿಪಿಗೊಳಿಸಿದ್ದ ಡಿಸ್ಕುಗಳಾದರೆ ಮೊದಲು 48 ಅಂಕಿಗಳ ಕೀಲಿ ಕೇಳುತ್ತಿದ್ದವು. ಕೆಲವು ಕಂಪನಿಗಳಲ್ಲಿ ಆ ಕೀಲಿಗಳನ್ನು ಇಟ್ಟಿದ್ದ ಸರ್ವರುಗಳೂ ನೀಲಿ ಪರದೆಯಲ್ಲೇ ಇದ್ದವು.

ಅದು ಕಚೇರಿಗಳ ಮಾತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ ಆವೃತ್ತಿ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ, ಮನೆಯ ಕಂಪ್ಯೂಟರಿನ ಡಿಸ್ಕಿಗೂ ಸಾಮಾನ್ಯವಾಗಿ ತಾನಾಗಿಯೇ ಈ ಬೀಗ ಹಾಕುತ್ತದೆ. ಕೀಲಿ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಕಂಪ್ಯೂಟರು ಕೊಂಡ ದಿನ ಅಂಗಡಿಯವನೇ ಯಾವುದೋ ಇಮೇಲ್ ವಿಳಾಸದಲ್ಲಿ ಖಾತೆ ತೆರೆದುಕೊಟ್ಟಿದ್ದರೆ ಅದು ಯಾವುದೆಂದು ಯಜಮಾನರಿಗೆ ನೆನಪಿರುವುದಿಲ್ಲ. 2025ರ ಮೇ 13ರ ವಿಂಡೋಸ್ 10 ಅಪ್‌ಡೇಟಿನ ನಂತರ ಇಂಟೆಲ್ ಚಿಪ್ಪಿನ ಕೆಲವು ಯಂತ್ರಗಳು ಎದ್ದವೇ ಕೀಲಿ ಕೇಳುತ್ತ. ಮೈಕ್ರೋಸಾಫ್ಟ್ ಒಂದು ವಾರದೊಳಗೆ ಅದನ್ನು ಸರಿಪಡಿಸಿತು. ಆದರೆ ಇಂಥ ಪರದೆಯ ಮುಂದೆ ಆ 48 ಅಂಕಿ ಕೈಯಲ್ಲಿಲ್ಲದವರಿಗೆ ಚಾಂದನಿಯ ಎಂಥ ನುರಿತ ಮೆಕ್ಯಾನಿಕ್ಕೂ ಮಾಡಿಕೊಡಬಲ್ಲದ್ದು ಒಂದೇ: ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. ಕಂಪ್ಯೂಟರು ಸಂಜೆಯೊಳಗೆ ಸರಿಯಾಗಿ ಮನೆಗೆ ಬರುತ್ತದೆ, ಹತ್ತು ವರ್ಷದ ಫೋಟೊಗಳು ಬರುವುದಿಲ್ಲ.