ಒಲೆಯ ಕೆಳಗಿನ ಮೂರು ವೈರುಗಳು

ಗ್ಯಾಸ್ ಒಲೆಗೆ ಕರೆಂಟು ಯಾಕೆ ಬೇಕು ಎಂದು ಕೇಳುವವರು ಇವತ್ತಿಗೂ ಇದ್ದಾರೆ. ನಾರ್ಥಾಂಪ್ಟನ್‌ನ ಜೇಮ್ಸ್ ಶಾರ್ಪ್ 1826ರಲ್ಲಿ ಗ್ಯಾಸ್ ಒಲೆಗೆ ಪೇಟೆಂಟ್ ಪಡೆದಾಗ ಅದಕ್ಕೆ ಬೇಕಾಗಿದ್ದುದು ಒಂದು ಕೊಳವೆ, ಒಂದು ಚೂರು ಬೆಂಕಿ, ಅಷ್ಟೆ. ಗೀರಿದರೆ ಹೊತ್ತುವ ಕಡ್ಡಿಯನ್ನು ಜಾನ್ ವಾಕರ್ ಮಾರತೊಡಗಿದ್ದು ಅದರ ಮರುವರ್ಷವೇ. ಮುಂದಿನ ನೂರೈವತ್ತು ವರ್ಷ ಒಲೆ ಮತ್ತು ಕಡ್ಡಿಪೆಟ್ಟಿಗೆ ಒಟ್ಟಿಗೇ ಬಾಳಿದವು. ನಮ್ಮ ಅಡುಗೆಮನೆಗಳ ಟಕ್ ಟಕ್ ಲೈಟರ್ ಬಂದ ಮೇಲೂ ವೈರಿನ ಮಾತಿರಲಿಲ್ಲ. ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡದ್ದೇ ಅದರ ಒಳಗುಟ್ಟು.

ಅಡುಗೆ ಕಟ್ಟೆಯೊಳಗೆ ಹುದುಗಿ ಕೂರುವ ಹಾಬ್ ಬಂದ ಮೇಲೆ ಲೆಕ್ಕ ಬದಲಾಯಿತು. ಗುಂಡಿ ಒತ್ತಿ ತಿರುಗಿಸಿದರೆ ಕಿಡಿ ಹಾರಬೇಕು. ಕೆಲವು ಹಾಬ್‌ಗಳು ಬ್ಯಾಟರಿಯಲ್ಲಿ ಈ ಕೆಲಸ ಮುಗಿಸುತ್ತವೆ. ಉಳಿದವು ಮನೆಯ ಕರೆಂಟನ್ನು ಒಂದು ಪುಟ್ಟ ಡಬ್ಬಿಯಲ್ಲಿ ಸಾವಿರಾರು ವೋಲ್ಟಿಗೆ ಏರಿಸಿ ಕಿಡಿ ಹಾರಿಸುತ್ತವೆ. ಅವು ಎಳೆಯುವ ಕರೆಂಟು ಒಂದು ಸಣ್ಣ ಬಲ್ಬಿನಷ್ಟೂ ಇರಲಿಕ್ಕಿಲ್ಲ. ಹಾಗಾಗಿ ಹಳೆಯ ಒಲೆ ತೆಗೆದು ಹೊಸದನ್ನು ಕೂರಿಸುವಾಗ ಗ್ಯಾಸಿನ ಜೋಡಣೆಗೆ ಕೊಡುವ ಗಮನ ಕೆಳಗೆ ನೇತಾಡುವ ಮೂರೆಳೆಯ ವೈರಿಗೆ ಸಿಗುವುದಿಲ್ಲ. ಆ ವೈರಿಗೆ ಮಾತ್ರ ದೊಡ್ಡ ಚರಿತ್ರೆಯಿದೆ.

ಬ್ರಿಟನ್ನಿನಲ್ಲಿ ಇಂಥ ಹಾಬನ್ನು ಜೋಡಿಸುವವರು ಸಾಮಾನ್ಯವಾಗಿ ನಡುವೆ 3 ಆಂಪಿಯರ್ ಫ್ಯೂಸು ಇಡುತ್ತಾರೆ. ಈ ಪದ್ಧತಿಯ ಬೇರು ಎರಡನೆಯ ಮಹಾಯುದ್ಧದಲ್ಲಿದೆ. ಬಾಂಬಿಗೆ ಬಿದ್ದ ಮನೆಗಳನ್ನು ಮತ್ತೆ ಕಟ್ಟಬೇಕಿತ್ತು, ತಾಮ್ರಕ್ಕೆ ಬರ ಬಂದಿತ್ತು. 1942ರಲ್ಲಿ ಕೂತ ಇಪ್ಪತ್ತು ಜನರ ಸಮಿತಿಯಲ್ಲಿ ಹೆಂಗಸು ಒಬ್ಬರೇ, ಎಂಜಿನಿಯರ್ ಕ್ಯಾರೊಲಿನ್ ಹ್ಯಾಸ್ಲೆಟ್. ಅಲ್ಲಿಯವರೆಗೆ 2, 5, 15 ಆಂಪಿಯರ್ ಎಂದು ಗಾತ್ರಕ್ಕೊಂದು ದುಂಡುಕಡ್ಡಿ ಪ್ಲಗ್ಗು ಇತ್ತು, ಒಂದೊಂದು ಸಾಕೆಟ್ಟಿಗೂ ಬೋರ್ಡಿನಿಂದ ಬೇರೆ ವೈರು ಎಳೆಯುವ ರೂಢಿಯಿತ್ತು. ಸಮಿತಿ ಸೂಚಿಸಿದ್ದು ಮನೆಯನ್ನೆಲ್ಲ ಸುತ್ತಿ ಬೋರ್ಡಿಗೇ ಹಿಂತಿರುಗುವ 30 ಆಂಪಿಯರಿನ ಒಂದು ಬಳೆ. ಎಲ್ಲ ಸಾಕೆಟ್ಟುಗಳೂ ಅದರ ಮೇಲೆ. ಮಗು ಏನಾದರೂ ತುರುಕಿದರೆ ಅಪಾಯವಾಗದಂತೆ ಸಾಕೆಟ್ಟಿನ ತೂತುಗಳಿಗೆ ಮುಚ್ಚಳವೂ ಬಂತು. ಉದ್ದನೆಯ ಅರ್ತಿಂಗ್ ಕಡ್ಡಿ ಒಳಹೊಕ್ಕರೆ ಮಾತ್ರ ಅದು ತೆರೆದುಕೊಳ್ಳುತ್ತದೆ.

ಇದರಿಂದ ತಾಮ್ರ ಉಳಿಯಿತು, ಆದರೆ ಹೊಸ ತೊಡಕೊಂದು ಹುಟ್ಟಿತು. 6 ಆಂಪಿಯರ್ ತಾಳುವ ತೆಳು ವೈರನ್ನು 30 ಆಂಪಿಯರಿನ ಬಳೆಗೆ ಸಿಕ್ಕಿಸಿದರೆ, ಬೋರ್ಡಿನ ಫ್ಯೂಸು ಹಾರುವ ಮೊದಲೇ ವೈರು ಕಾದು ಕರಗಬಹುದು. ಅದಕ್ಕೇ ಪ್ಲಗ್ಗಿನೊಳಗೇ ಫ್ಯೂಸು ಇಟ್ಟರು. ಹಾಬಿನ 3 ಆಂಪಿಯರ್ ಫ್ಯೂಸು ಕಾಯುವುದೂ ಮುಖ್ಯವಾಗಿ ಆ ವೈರನ್ನೇ. ಚಪ್ಪಟೆ ಕಡ್ಡಿಗಳ ಈ ಪ್ಲಗ್ಗಿನ ಮಾನದಂಡ ಹೊರಬಿದ್ದದ್ದು 1947ರಲ್ಲಿ.

ಅದೇ ವರ್ಷ ಬ್ರಿಟಿಷರು ಇಲ್ಲಿಂದ ಹೊರಟರು, ತಾವು ಬಿಡಲಿದ್ದ ದುಂಡುಕಡ್ಡಿಯನ್ನು ಇಲ್ಲೇ ಬಿಟ್ಟು ಹೋದರು. ಅವರ 1934ರ ಮಾನದಂಡವೇ ಮುಂದೆ ಭಾರತದ ಮಾನದಂಡಕ್ಕೆ ಆಧಾರವಾಯಿತು. 5 ಮತ್ತು 15 ಈಗ 6 ಮತ್ತು 16 ಆಗಿವೆ. ದುಂಡುಕಡ್ಡಿಯಲ್ಲಿ ಫ್ಯೂಸಿಲ್ಲ, ಕಾವಲೆಲ್ಲ ಬೋರ್ಡಿನ ಎಂಸಿಬಿಯದು. 6ರ ಪ್ಲಗ್ಗು 6ರ ಸಾಲಿನಲ್ಲೇ ಇರುವವರೆಗೆ ಈ ಏರ್ಪಾಡಿಗೆ ಕೊರತೆಯೇನಿಲ್ಲ. ಆದರೆ ಇಂದಿನ ಫ್ಲ್ಯಾಟುಗಳಲ್ಲಿ 6 ಮತ್ತು 16 ಎರಡನ್ನೂ ನುಂಗುವ ಸಾಕೆಟ್ಟುಗಳಿವೆ. ಹೊಸ ಹಾಬಿನ ತೆಳು ವೈರು ಓವನ್ನಿನದೋ ಗೀಸರಿನದೋ ಸಾಲಿಗೆ ಸುಲಭವಾಗಿ ಸೇರಿಬಿಡುತ್ತದೆ. ಬ್ರಿಟನ್ ಪುಟ್ಟ ಫ್ಯೂಸಿನಿಂದ ಬಿಡಿಸಿಕೊಂಡ ತೊಡಕು ಹಾಗೆ ನಮ್ಮ ಕಟ್ಟೆಯ ಕೆಳಗೆ ಬಂದು ಕೂರುತ್ತದೆ.

ಬಣ್ಣಗಳ ಕತೆ ಇದಕ್ಕಿಂತ ಗೋಜಲು. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು ಎಂದರೆ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತಿಂಗ್. ಜರ್ಮನಿಯಲ್ಲಿ ಅರ್ತಿಂಗೇ ಕೆಂಪಾಗಿತ್ತು! ಒಂದು ದೇಶದ ಉಪಕರಣ ಇನ್ನೊಂದು ದೇಶದ ಗೋಡೆಗೆ ಸೇರಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಯುರೋಪು ಒಟ್ಟಾಗಿ ಕಂದು, ನೀಲಿ, ಹಸಿರು-ಹಳದಿ ಪಟ್ಟೆಗಳನ್ನು ಆರಿಸಿಕೊಂಡಿತು. ಕೆಂಪು-ಹಸಿರು ಗುರುತಿಸಲಾಗದವರಿಗೂ ಇವು ಬೇರೆಬೇರೆಯಾಗಿ ಕಾಣುತ್ತವೆ. ಬ್ರಿಟನ್ 1969ರ ನಿಯಮದಿಂದ ಉಪಕರಣಗಳ ವೈರಿಗೆ ಈ ಬಣ್ಣ ತಂದಿತು. ಗೋಡೆಯೊಳಗಿನ ವೈರಿಗೆ ಬಂದದ್ದು 2004ರಲ್ಲಿ, ಕಡ್ಡಾಯವಾದದ್ದು 2006ರಲ್ಲಿ. ಮೂವತ್ತೈದು ವರ್ಷ ಗೋಡೆ ಒಂದು ಭಾಷೆ ಆಡಿತು, ಒಲೆ ಇನ್ನೊಂದು.

ಭಾರತದಲ್ಲಿ ಈಗಲೂ ಹಾಗೇ ಇದೆ. ಇಲ್ಲಿ ಮೂರು ಫೇಸುಗಳಿಗೆ ಕೆಂಪು, ಹಳದಿ, ನೀಲಿ ಬಣ್ಣದ ರೂಢಿ, ನ್ಯೂಟ್ರಲ್ ಕಪ್ಪು. ತ್ರೀ-ಫೇಸ್ ಸಂಪರ್ಕದ ಮನೆಯಲ್ಲಿ ಅಡುಗೆಮನೆಗೆ ನೀಲಿ ಫೇಸು ಬಂದಿದ್ದರೆ ಗೋಡೆಯ ನೀಲಿ ವೈರಿನಲ್ಲಿ 230 ವೋಲ್ಟು ಇರುತ್ತದೆ, ಹಾಬಿನ ನೀಲಿ ವೈರು ಮಾತ್ರ ನ್ಯೂಟ್ರಲ್. ನೀಲಿಗೆ ನೀಲಿ ಕೂಡಿಸಿದವರಿಗೆ ತಪ್ಪು ಗೊತ್ತೇ ಆಗಲಿಕ್ಕಿಲ್ಲ, ಏಕೆಂದರೆ ಕಿಡಿ ಎಂದಿನಂತೆ ಹಾರುತ್ತಿರುತ್ತದೆ. ಆದರೆ ಹಾಬಿನೊಳಗಿನ ಸ್ವಿಚ್ಚು ಈಗ ಕಡಿಯುವುದು ನ್ಯೂಟ್ರಲನ್ನು. ಅದನ್ನು ಆರಿಸಿ ಒಲೆಯಡಿ ಕೈ ಹಾಕಿದವರ ಬೆರಳಿಗೆ ಫೇಸು ಕಾದಿರುತ್ತದೆ. ಹಸಿರು-ಹಳದಿ ಎಳೆಯನ್ನು 'ಬೇಕಿಲ್ಲ' ಎಂದು ಕತ್ತರಿಸಿಬಿಟ್ಟಿದ್ದರೆ, ಒಳಗೆಲ್ಲೋ ವೈರು ತರಚಿದ ದಿನ ಸ್ಟೀಲಿನ ಇಡೀ ಮೇಲ್ಮೈಯೇ ಜೀವಂತ. ಅಲ್ಲಿ ಹಾಲು ಉಕ್ಕುತ್ತದೆ, ಒದ್ದೆ ಬಟ್ಟೆ ಆಡುತ್ತದೆ.

ಹಳೆಯದೂ ಹೊಸದೂ ಬಣ್ಣಗಳು ಬೆರೆತ ಮನೆಗಳ ಬೋರ್ಡಿನ ಮೇಲೆ ಬ್ರಿಟನ್ನಿನಲ್ಲಿ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂಬ ನಿಯಮ ಬಂತು. ಅಡುಗೆಮನೆಯ ವೈರಿಂಗ್ ಕೆಲಸವನ್ನು 2005ರಲ್ಲಿ ಕಟ್ಟಡ ಕಾನೂನಿನ ಬಿಗಿಯೊಳಗೆ ತಂದರು, ಇಂಗ್ಲೆಂಡ್ 2013ರಲ್ಲಿ ಅದನ್ನು ಸಡಿಲಿಸಿತು. ಮುಂಬೈಯಲ್ಲೋ ಚೆನ್ನೈಯಲ್ಲೋ ಹಾಬ್ ಬದಲಿಸುವ ಹೊತ್ತಿನಲ್ಲಿ ಬಣ್ಣ ನೋಡಿ ಕೂಡಿಸುವ ಮೊದಲು ಮೇನ್ ಆರಿಸಿ, ಗೋಡೆಯ ಯಾವ ಎಳೆ ಯಾವುದು, ಅರ್ತಿಂಗ್ ನಿಜಕ್ಕೂ ನೆಲದವರೆಗೆ ಹೋಗಿದೆಯೇ, ಆರ್‌ಸಿಸಿಬಿ ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಅಳೆಸಿಕೊಳ್ಳಬೇಕು. ಅದು ಹತ್ತು ನಿಮಿಷದ ಕೆಲಸ.